ಹೆಸರು ನಮ್ಮದು, ಅಚ್ಚು ಬೇರೆಯವರದು

ನಮ್ಮ ಹೆಸರಿನ ಲೇಬಲ್ ಹಚ್ಚಿಕೊಂಡು ಅಂಗಡಿಗೆ, ಛತ್ರಕ್ಕೆ ಹೋಗುವ ಅಡಿಕೆ ಹಾಳೆತಟ್ಟೆಯನ್ನು ನಾವು ಒತ್ತುವುದಿಲ್ಲ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ ತಾಲ್ಲೂಕುಗಳ ಸಣ್ಣ ಯೂನಿಟ್‌ಗಳಲ್ಲಿ ಒತ್ತಿಸಿ, ದಾವಣಗೆರೆಯಲ್ಲಿ ಆರಿಸಿ ಕಟ್ಟು ಕಟ್ಟಿ ಮಾರುತ್ತೇವೆ. ಬೇರೆಯವರ ಕೈಯಲ್ಲಿ ಮಾಡಿಸಿ ಸ್ವಂತ ಹೆಸರಿನಲ್ಲಿ ಮಾರುವ ಈ ವ್ಯಾಪಾರಕ್ಕೆ ಈಗ ತುಂಬ ಜನ ಹೊಸಬರು ಬರುತ್ತಿದ್ದಾರೆ. ಅವರಲ್ಲಿ ಹೆಚ್ಚಿನವರು ಮೊದಲು ಕೇಳುವುದು ಡೈಗೆ ಎಷ್ಟಾಗುತ್ತದೆ, ಲೋಗೋ ಕೆತ್ತಿಸಬಹುದೇ, ಲೇಬಲ್ ಯಾರ ಹತ್ತಿರ ಮಾಡಿಸುವುದು ಎಂದು. ಇವೆಲ್ಲ ಬೇಕಾದ ಪ್ರಶ್ನೆಗಳೇ. ಆದರೆ ಹೆಸರು ಉಳಿಯುವುದೂ ಹೋಗುವುದೂ ಅದಕ್ಕಿಂತ ಮೊದಲೇ, ಹಾಳೆ ಮರದಿಂದ ಬಿದ್ದು ಒಣಗಿ ಶೆಡ್ಡು ಸೇರುವುದರೊಳಗೆ ತೀರ್ಮಾನವಾಗಿರುತ್ತದೆ. ಇಷ್ಟು ವರ್ಷ ಈ ಕೆಲಸದಲ್ಲಿ ಕಂಡದ್ದನ್ನು ಹೊಸಬರಿಗೆ ಉಪಯೋಗವಾಗಲಿ ಎಂದು ಇಲ್ಲಿ ಬರೆದಿದ್ದೇನೆ.

1. ಮಷಿನ್ ನೋಡುವ ಮೊದಲು ತೋಟ ನೋಡಿ

1997ರಲ್ಲಿ ದಾವಣಗೆರೆ ಜಿಲ್ಲೆಯಾದಾಗ ಚನ್ನಗಿರಿ, ಹೊನ್ನಾಳಿ ಶಿವಮೊಗ್ಗದಿಂದ ಬಂದವು, ಜಗಳೂರು ಚಿತ್ರದುರ್ಗದಿಂದ ಬಂತು. ಹೊನ್ನಾಳಿಯೊಳಗಿದ್ದ ನ್ಯಾಮತಿ ಈಚೆಗೆ ತಾಲ್ಲೂಕಾಯಿತು. ಕಾಗದದಲ್ಲಿ ಒಂದೇ ಜಿಲ್ಲೆ, ಹಾಳೆಯ ಲೆಕ್ಕದಲ್ಲಿ ನಾಲ್ಕೂ ಬೇರೆ ಬೇರೆ. ಭದ್ರಾ ನಾಲೆ ಹರಿಯುವ ಚನ್ನಗಿರಿ ಸೀಮೆಯಲ್ಲಿ ತೋಟ ದಟ್ಟವಾಗಿದೆ. ತುಮ್ಕೋಸ್‌ನಂಥ ಸಹಕಾರಿ ಸಂಘ ಬೆಳೆದು ನಿಂತದ್ದೇ ಅಲ್ಲಿಯ ಅಡಿಕೆಯ ಬಲದ ಮೇಲೆ. ಹೊನ್ನಾಳಿಯಲ್ಲಿ ತುಂಗಭದ್ರೆಯ ಆಸುಪಾಸು ಭತ್ತದ ಗದ್ದೆಗಳ ನಡುವೆ ತೋಟ. ನ್ಯಾಮತಿಯಲ್ಲಿ ಶಿಕಾರಿಪುರ, ಶಿವಮೊಗ್ಗದ ಕಡೆ ಸರಿದಷ್ಟೂ ಮಳೆ ಹೆಚ್ಚು. ಜಗಳೂರು ಮೆಕ್ಕೆಜೋಳ, ಶೇಂಗಾದ ಒಣಸೀಮೆ, ಅಲ್ಲಲ್ಲಿ ಬೋರ್‌ವೆಲ್ ನಂಬಿದ ತೋಟ. ನೀರುಂಡು ಬೆಳೆದ ಮರದ ಹಾಳೆ ಅಗಲ, ದಪ್ಪ. ಬೇಸಿಗೆಯಲ್ಲಿ ನೀರಿಗೆ ಒದ್ದಾಡಿದ ಮರದ ಹಾಳೆ ಗಿಡ್ಡ, ತೆಳು. ಹನ್ನೆರಡು ಇಂಚಿನ ಊಟದ ತಟ್ಟೆ ಎರಡನೆಯದರಲ್ಲಿ ಹುಟ್ಟುವುದಿಲ್ಲ, ಮಷಿನ್ ಎಂಥದ್ದೇ ಇರಲಿ.

ಲೆಕ್ಕ ಹೀಗೆ ಹಾಕಬಹುದು. ಒಂಬತ್ತು ಅಡಿ ಅಂತರದಲ್ಲಿ ನೆಟ್ಟರೆ ಎಕರೆಗೆ ಹೆಚ್ಚುಕಡಿಮೆ 550 ಮರ. ಒಂದು ಮರ ವರ್ಷಕ್ಕೆ ಐದರಿಂದ ಏಳು ಸೋಗೆ ಉದುರಿಸುತ್ತದೆ, ಪ್ರತಿ ಸೋಗೆಗೂ ಒಂದು ಹಾಳೆ. ಅಂದರೆ ಎಕರೆಗೆ ಮೂರು ಸಾವಿರದ ಆಚೀಚೆ. ಇದರಲ್ಲಿ ಮಳೆಗಾಲದಲ್ಲಿ ಬಿದ್ದು ಕೊಳೆತದ್ದು, ಗೆದ್ದಲು ಹಿಡಿದದ್ದು, ಬೀಳುವಾಗ ಸೀಳಿದ್ದು, ದನಕ್ಕೆ ಹೋದದ್ದು, ಅಡಿಕೆ ಬೇಯಿಸುವ ಒಲೆಗೆ ಹೋದದ್ದು ಎಲ್ಲ ಕಳೆಯಿರಿ. ಉಳಿದದ್ದರಲ್ಲಿ ದೊಡ್ಡ ತಟ್ಟೆಗೆ ಆಗುವಂಥದ್ದು ಇನ್ನೂ ಕಡಿಮೆ. ಯೂನಿಟ್‌ನವರು ‘ತಿಂಗಳಿಗೆ ಎಷ್ಟು ಬೇಕಾದರೂ ಕೊಡ್ತೀವಿ’ ಎಂದರೆ ಯಾವ ಯಾವ ತೋಟದಿಂದ ಹಾಳೆ ಬರುತ್ತದೆ ಎಂದು ಕೇಳಿ. ಆ ಪಟ್ಟಿ ಅವರ ಹತ್ತಿರ ಇಲ್ಲದಿದ್ದರೆ ಆ ಮಾತಿಗೆ ಬೆಲೆಯಿಲ್ಲ.

ತೋಟಕ್ಕೆ ಹೋದಾಗ ಔಷಧಿಯ ವಿಷಯವನ್ನೂ ಕೇಳಿ. ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣ ಮೈಲುತುತ್ತ ಮತ್ತು ಸುಣ್ಣದ್ದು. ಗೊನೆಗೆ ಹೊಡೆದದ್ದು ಕೆಳಗಿನ ಹಾಳೆಗೂ ಇಳಿಯುತ್ತದೆ, ಒಣಗಿದ ಮೇಲೆ ತಿಳಿನೀಲಿ ಮಚ್ಚೆಯಾಗಿ ಉಳಿಯುತ್ತದೆ. ಅಂಥ ಹಾಳೆಯನ್ನು ಬೇರೆ ಇಡಿಸಿ. ಊಟ ಬಡಿಸುವ ವಸ್ತುವಿಗೆ ಅದು ಬೇಡ.

2. ತಟ್ಟೆ ಕೊಳ್ಳಬೇಡಿ, ಹಾಳೆ ಕೊಂಡು ಒತ್ತಿಸಿ

ಯೂನಿಟ್ ಜೊತೆ ವ್ಯವಹಾರಕ್ಕೆ ಎರಡು ದಾರಿ. ಸಿದ್ಧ ಮಾಲನ್ನು ತಟ್ಟೆಗೆ ಇಷ್ಟು ಎಂದು ಕೊಳ್ಳುವುದು ಒಂದು. ಹಾಳೆ ನಾವೇ ಒದಗಿಸಿ ಒತ್ತಿದ್ದಕ್ಕೆ ಕೂಲಿ ಕೊಡುವುದು ಇನ್ನೊಂದು. ಮೊದಲನೆಯದು ಸುಲಭ. ನಾನು ಎರಡನೆಯದನ್ನೇ ಗಟ್ಟಿಯಾಗಿ ಹೇಳುತ್ತೇನೆ, ಬಂಡವಾಳ ಹೆಚ್ಚು ಬೇಕಾದರೂ.

ಕಾರಣ ಇದು. ಯೂನಿಟ್ ನಡೆಸುವವರು ಸಾಮಾನ್ಯವಾಗಿ ಸಾಲ ಮಾಡಿ ಮಷಿನ್ ಹಾಕಿರುತ್ತಾರೆ. ಪಿಎಂಇಜಿಪಿಯಂಥ ಯೋಜನೆಯಲ್ಲಿ ಸಬ್ಸಿಡಿ ಸಿಕ್ಕರೂ ಬ್ಯಾಂಕಿನ ಕಂತು ತಪ್ಪುವುದಿಲ್ಲ. ಹಾಳೆ ಸಿಗದ ತಿಂಗಳಲ್ಲೂ ಕಂತು ಕಟ್ಟಬೇಕು. ಆಗ ಅರ್ಧ ಒಣಗಿದ್ದು, ಹಳೆಯದು, ಕಲೆ ಬಿದ್ದದ್ದು ಎಲ್ಲ ಮಷಿನ್ನಿಗೆ ಹೋಗುತ್ತದೆ. ಬಿಸಿ ಅಚ್ಚಿನಿಂದ ಹೊರಬಂದಾಗ ಎಲ್ಲ ತಟ್ಟೆಯೂ ಚೆಂದವೇ, ಗೊತ್ತಾಗುವುದು ತಿಂಗಳ ನಂತರ ನಮ್ಮ ಗಿರಾಕಿಯ ಮನೆಯಲ್ಲಿ. ಇದರಲ್ಲಿ ಯೂನಿಟ್‌ನವರನ್ನು ಕೆಟ್ಟವರೆಂದು ದೂರುವುದಕ್ಕೆ ಏನೂ ಇಲ್ಲ. ಹಾಳೆಯ ದುಡ್ಡಿನ ಭಾರವನ್ನು ಅವರ ಹೆಗಲಿಗೇ ಬಿಟ್ಟರೆ ಅವರು ಬದುಕುವ ದಾರಿ ಅವರು ನೋಡಿಕೊಳ್ಳುತ್ತಾರೆ.

ಹಾಳೆಯ ಒಡೆತನ ಯಾರದ್ದೆಂದು ತಿಳಿದು ದುಡ್ಡು ಕೊಡಿ. ತೋಟವನ್ನು ಖೇಣಿಗೆ, ಅಂದರೆ ಫಸಲಿನ ಗುತ್ತಿಗೆಗೆ, ಕೊಟ್ಟಿದ್ದರೆ ಖೇಣಿದಾರರಿಗೆ ಸೇರುವುದು ಅಡಿಕೆ. ಹಾಳೆ ತೋಟದ ಯಜಮಾನರದ್ದು, ಆಯುವವರು ಬಹಳ ಕಡೆ ಕೂಲಿಗೆ ಬರುವ ಹೆಣ್ಣುಮಕ್ಕಳು. ಮೂವರ ಹತ್ತಿರವೂ ಮೊದಲೇ ಮಾತಾಡಿ ಇತ್ಯರ್ಥ ಮಾಡಿಕೊಳ್ಳದಿದ್ದರೆ ಸುಗ್ಗಿಯ ನಡುವೆ ಜಗಳ ಬರುತ್ತದೆ. ಆಯುವವರಿಗೆ ದಿನಗೂಲಿಯ ಬದಲು ಹಾಳೆಗೆ ಇಷ್ಟು ಎಂದು, ಅದರಲ್ಲೂ ಒಳ್ಳೆಯ ಹಾಳೆಗೆ ಹೆಚ್ಚು ದರ ಎಂದು ಕೊಟ್ಟರೆ ಬಿದ್ದ ಮರುದಿನವೇ ಎತ್ತಿಟ್ಟ ಹಾಳೆ ಸಿಗುತ್ತದೆ. ನೆಲದ ತೇವಕ್ಕೆ ನಾಲ್ಕು ದಿನ ಬಿದ್ದಿದ್ದ ಹಾಳೆಗೂ ಮರುದಿನ ಎತ್ತಿದ ಹಾಳೆಗೂ ಇರುವ ವ್ಯತ್ಯಾಸವನ್ನು ಯಾವ ಮಷಿನ್ನೂ ಸರಿಮಾಡಲಾರದು.

3. ಹಾಳೆ ಪರೀಕ್ಷೆ ಮಾಡುವುದನ್ನು ಒತ್ತುವವರಿಂದ ಕಲಿಯಿರಿ

ನ್ಯಾಮತಿ ಕಡೆಯ ಒಂದು ಶೆಡ್ಡಿನಲ್ಲಿ ಮಷಿನ್ ಮೇಲೆ ಕೂರುವ ಒಬ್ಬ ಹಿರಿಯಕ್ಕನಿಂದ ನಾನು ಕಲಿತದ್ದು ತುಂಬ. ರಾಶಿಯ ಮೇಲಿನ ಹಾಳೆಯನ್ನು ಅವರು ಮುಟ್ಟುವುದೇ ಇಲ್ಲ, ಕೈ ತೂರಿಸಿ ನಡುವಿನದನ್ನು ಎಳೆಯುತ್ತಾರೆ. ಮೊದಲು ಬೆನ್ನಿನ ದಪ್ಪ ಭಾಗವನ್ನು ಹೆಬ್ಬೆರಳಿನಿಂದ ಒತ್ತುತ್ತಾರೆ. ಅಂಚು ಒಣಗಿ ಗರಿಗರಿಯಾಗಿದ್ದರೂ ನಡುಬೆನ್ನಿನಲ್ಲಿ ತೇವ ಕೂತಿರುತ್ತದೆ. ಆಮೇಲೆ ಒಳಮೈ ತಿರುಗಿಸಿ ಅಲ್ಲಿನ ತೆಳುಪೊರೆಯನ್ನು ಉಗುರಿನಿಂದ ಎಬ್ಬಿಸಿ ನೋಡುತ್ತಾರೆ. ಪೊರೆಯಡಿ ಕಪ್ಪು ಚುಕ್ಕೆ ಕಂಡರೆ ಆ ಹಾಳೆ ಪಕ್ಕಕ್ಕೆ. ಕೊನೆಗೆ ಮೂಸುತ್ತಾರೆ. ‘ಇದು ಒಳಗೆ ಹಸಿ ಐತೆ ನೋಡ್ರಿ. ಈಗ ಒತ್ತಿದ್ರೆ ಇವತ್ತು ನೆಟ್ಟಗಿರ್ತದೆ, ನಾಳೆ ಮುದುಡ್ತದೆ’ ಎಂದು ಅವರು ಹೇಳಿದ ಹಾಳೆಯನ್ನು ಒತ್ತಿಸಿ ನೋಡಿದ್ದೇನೆ. ಮುದುಡಿತು.

ಒತ್ತುವ ಕ್ರಮ ಗೊತ್ತಿಲ್ಲದವರಿಗೆ ಎರಡು ಮಾತು. ಒಣಗಿದ ಹಾಳೆಯನ್ನು ನೀರಲ್ಲಿ ಸ್ವಲ್ಪ ಹೊತ್ತು ನೆನೆಸಿ, ಬ್ರಷ್‌ನಿಂದ ಮಣ್ಣು ತೆಗೆದು, ನೀರು ಸೋರಲು ನಿಲ್ಲಿಸುತ್ತಾರೆ. ಹಾಳೆ ಬಾಗುವಷ್ಟು ಮೆತ್ತಗಾಗಬೇಕು, ನೀರು ತೊಟ್ಟಿಕ್ಕಬಾರದು. ಬಿಸಿಯಾದ ಡೈ ನಡುವೆ ಇಟ್ಟು ಒತ್ತಿದಾಗ ಸುಂಯ್ ಎಂದು ಆವಿ ಏಳುತ್ತದೆ. ಆವಿಯ ಸದ್ದು ನಿಲ್ಲುವವರೆಗೆ ಅಚ್ಚು ಬಿಡಬಾರದು. ಸದ್ದು ನಿಲ್ಲುವ ಮೊದಲೇ ತೆಗೆದರೆ ಒಂದು ತಾಸಿನಲ್ಲಿ ಹತ್ತಿಪ್ಪತ್ತು ತಟ್ಟೆ ಹೆಚ್ಚು ಬರುತ್ತವೆ. ತಟ್ಟೆಗೆ ಇಷ್ಟು ಎಂದು ಕೂಲಿ ಗೊತ್ತು ಮಾಡಿ, ತೆಗೆದುಕೊಳ್ಳುವಾಗ ಆರಿಸದೇ ಇದ್ದರೆ ಆ ಅವಸರವನ್ನು ನಾವೇ ದುಡ್ಡು ಕೊಟ್ಟು ತರಿಸಿಕೊಂಡಂತೆ. ಆದ್ದರಿಂದ ನಾವು ಕೂಲಿಯನ್ನು ಆರಿಸಿದ ನಂತರದ ಒಳ್ಳೆಯ ತಟ್ಟೆಗೆ ಕೊಡುತ್ತೇವೆ, ದರವನ್ನು ಅದಕ್ಕೆ ತಕ್ಕಂತೆ ಮೇಲಿಡುತ್ತೇವೆ, ಆರಿಸುವಾಗ ಅವರ ಕಡೆಯವರೊಬ್ಬರು ಪಕ್ಕದಲ್ಲಿರುತ್ತಾರೆ.

ಬೆರಳು ಅಚ್ಚಿಗೆ ಸಿಕ್ಕದಂತೆ ಗಾರ್ಡ್ ಇದೆಯೇ, ವೈರಿಂಗ್ ನೀರಿನಿಂದ ದೂರ ಇದೆಯೇ ಎಂದು ಮೊದಲ ಭೇಟಿಯಲ್ಲೇ ನೋಡಿ. ಇಲ್ಲದಿದ್ದರೆ ಹಾಕಿಸಿಕೊಟ್ಟು ಕೆಲಸ ಶುರು ಮಾಡಿ.

4. ಆರ್ಡರ್ ಅನ್ನು ಹಾಳೆಯ ಆಕಾರಕ್ಕೆ ಬರೆಯಿರಿ

ಬೆಂಗಳೂರಿನ ಗಿರಾಕಿ ಹನ್ನೆರಡು ಇಂಚಿನದ್ದು ಹತ್ತು ಸಾವಿರ ಕೇಳಿದರೆಂದು ಯೂನಿಟ್‌ಗೆ ಅಷ್ಟನ್ನೇ ಬರೆದು ಕಳಿಸಿದರೆ ಆ ಯೂನಿಟ್ ನಷ್ಟಕ್ಕೆ ಬೀಳುತ್ತದೆ. ಒಂದು ದೊಡ್ಡ ಹಾಳೆಯಲ್ಲಿ ಒಂದು ಊಟದ ತಟ್ಟೆ ತೆಗೆದ ಮೇಲೆ ಕಿರಿದಾದ ಕಡೆಯಲ್ಲಿ ಆರು ಇಂಚಿನ ತಿಂಡಿತಟ್ಟೆ, ಇಲ್ಲವೇ ನಾಲ್ಕು ಇಂಚಿನ ಪಾಯಸದ ಬಟ್ಟಲು ಬರುತ್ತದೆ. ಆ ಸಣ್ಣದನ್ನು ಕೊಳ್ಳುವವರಿಲ್ಲದಿದ್ದರೆ ಹಾಳೆಯ ಪೂರ್ತಿ ಬೆಲೆ ದೊಡ್ಡ ತಟ್ಟೆಯ ಮೇಲೆ ಕೂರುತ್ತದೆ. ನಾವು ಗಿರಾಕಿಗೆ ಊಟದ ಸೆಟ್ ಎಂದೇ ಮಾರುವುದನ್ನು ರೂಢಿ ಮಾಡಿದೆವು: ಒಂದು ದೊಡ್ಡದು, ಒಂದು ಚಿಕ್ಕದು, ಒಂದು ಬಟ್ಟಲು. ಅಡುಗೆ ಕಾಂಟ್ರಾಕ್ಟರುಗಳು ಇದಕ್ಕೆ ಬೇಗ ಒಪ್ಪುತ್ತಾರೆ, ಕೋಸಂಬರಿಗೂ ಪಾಯಸಕ್ಕೂ ಅವರಿಗೆ ಬೇರೆ ಬಟ್ಟಲು ಬೇಕೇ ಬೇಕು. ಅಂಗಡಿಗಳವರನ್ನು ಒಪ್ಪಿಸುವುದು ಸ್ವಲ್ಪ ಕಷ್ಟ, ಆದರೆ ಒಪ್ಪಿಸಬೇಕು.

5. ಡೈ ನಿಮ್ಮದಾಗಿರಲಿ, ಕಾಗದದಲ್ಲಿ

ಲೋಗೋ ಬೇಕು, ಬೇರೆಲ್ಲೂ ಇಲ್ಲದ ಆಕಾರ ಬೇಕು ಎಂದಾಗ ಡೈ ಮಾಡಿಸಬೇಕಾಗುತ್ತದೆ. ಡೈ ಮಾಡುವವರಿಗೆ ಹಾಳೆಯ ಗುಣ ಹೇಳಿಕೊಡಬೇಕು, ಏಕೆಂದರೆ ಲೋಹದ ತಗಡು ಒತ್ತಿ ರೂಢಿಯಾದ ಕೈಗೆ ನಾರಿನ ಮಾತು ಬೇರೆ. ಹಾಳೆಯ ನಾರು ಉದ್ದಕ್ಕೆ ಓಡುತ್ತದೆ. ಬಟ್ಟಲು ಆಳವಾದರೆ, ಮೂಲೆ ಚೂಪಾದರೆ ನಾರಿನ ಜಾಡಿನಲ್ಲೇ ಸೀಳುತ್ತದೆ. ಚೌಕ ತಟ್ಟೆಯ ಮೂಲೆಗಳನ್ನು ಗುಂಡಗೆ ಮಾಡಿಸಿ. ವಿಭಾಗದ ತಟ್ಟೆಯಲ್ಲಿ ಅಡ್ಡಗೋಡೆ ಗಿಡ್ಡವಿರಲಿ, ಇಳಿಜಾರಾಗಿರಲಿ. ಹಾಳೆಯ ನಡು ದಪ್ಪ, ಅಂಚು ತೆಳು. ಮೇಲಿನ ಅಚ್ಚಿಗೂ ಕೆಳಗಿನ ಅಚ್ಚಿಗೂ ನಡುವಿನ ಸಂದು ಇದಕ್ಕೆ ಹೊಂದದಿದ್ದರೆ ಒಂದು ಕಡೆ ಸುಟ್ಟ ಕಂದು, ಇನ್ನೊಂದು ಕಡೆ ಹಸಿ ಬಿಳುಪು ಕಾಣುತ್ತದೆ.

ಲೋಗೋವನ್ನು ಊಟದ ಮೈಯಲ್ಲಿ ಕೆತ್ತಿಸಬೇಡಿ. ಅಕ್ಷರದ ಸಂದಿಯಲ್ಲಿ ಅನ್ನದ ಅಗುಳು, ಸಾರಿನ ಜಿಡ್ಡು ಕೂರುತ್ತದೆ, ಸಂದಿಯ ಚೂಪು ಅಂಚಿನಲ್ಲೇ ಸಾರು ಒಸರುವುದೂ ಶುರುವಾಗುತ್ತದೆ. ತಳದ ಕಡೆ ಇರಲಿ. ಕನ್ನಡ ಅಕ್ಷರ ಹಾಕಿಸುವುದಾದರೆ ದಪ್ಪ, ಬಿಡಿ ಬಿಡಿ ಅಕ್ಷರ ಆರಿಸಿ. ಸಣ್ಣ ಒತ್ತಕ್ಷರಗಳು ನಾರಿನಲ್ಲಿ ಕಳೆದುಹೋಗುತ್ತವೆ. ನಮ್ಮ ಹೆಸರಿನಲ್ಲಿ ಒತ್ತಕ್ಷರ ಇರುವುದರಿಂದ ತಟ್ಟೆಯ ತಳಕ್ಕೆ ಒಂದು ಗುರುತಿನ ಚಿತ್ರ ಮಾತ್ರ ಇಟ್ಟು, ಹೆಸರನ್ನು ಲೇಬಲ್ಲಿಗೆ ಬಿಟ್ಟೆವು.

ಡೈ ಬಿಲ್ ನಮ್ಮ ಹೆಸರಿನಲ್ಲಿರಬೇಕು, ಡೈ ಮೈಮೇಲೆ ನಂಬರ್ ಹೊಡೆದಿರಬೇಕು, ಯೂನಿಟ್‌ನವರು ‘ಈ ನಂಬರಿನ ಡೈ ಕೆಲಸಕ್ಕಾಗಿ ಮಾತ್ರ ನಮ್ಮಲ್ಲಿದೆ’ ಎಂದು ಬರೆದುಕೊಟ್ಟಿರಬೇಕು. ಯೂನಿಟ್ ಮುಚ್ಚಿ, ಬ್ಯಾಂಕ್ ಬಂದು ಶೆಡ್ಡಿಗೆ ಬೀಗ ಹಾಕಿದಾಗ ಒಳಗಿರುವ ನಮ್ಮ ಡೈ ನಮ್ಮದೆಂದು ತೋರಿಸಲು ಈ ಒಂದು ಹಾಳೆ ಕಾಗದವೇ ಗತಿ. ಅದೇ ಡೈಯಲ್ಲಿ ಬೇರೆಯವರಿಗೆ ಒತ್ತಿಕೊಡಬಾರದು ಎಂಬ ಮಾತೂ ಅದರಲ್ಲೇ ಇರಲಿ. ಸಾದಾ ಗುಂಡು ತಟ್ಟೆಗೆ ಮಾತ್ರ ಸ್ವಂತ ಡೈ ಬೇಡ, ಪ್ರತಿ ಯೂನಿಟ್‌ನಲ್ಲೂ ಅದು ಇದ್ದೇ ಇರುತ್ತದೆ. ಆ ದುಡ್ಡನ್ನು ಹಾಳೆಗೆ ಹಾಕಿ.

6. ಕರೆಂಟ್ ಕೇಳಿ ತಾರೀಖು ಕೊಡಿ

ಈ ನಾಲ್ಕೂ ತಾಲ್ಲೂಕು ಬೆಸ್ಕಾಂಗೆ ಸೇರಿದವು. ಹಳ್ಳಿಯಲ್ಲಿ ಪಂಪ್‌ಸೆಟ್ಟಿನ ಲೈನಿಗೆ ತ್ರೀಫೇಸ್ ಬರುವುದು ದಿನಕ್ಕೆ ಏಳು ತಾಸಿನ ಲೆಕ್ಕ, ಅದೂ ಪಾಳಿಯಲ್ಲಿ. ಯೂನಿಟ್‌ಗೆ ಪ್ರತ್ಯೇಕ ಕೈಗಾರಿಕಾ ಸಂಪರ್ಕ ಇದೆಯೇ ಎಂದು ಮೀಟರ್ ನೋಡಿ ಖಾತ್ರಿ ಮಾಡಿಕೊಳ್ಳಿ. ಕರೆಂಟ್ ಹೋಗಿ ಬಂದರೆ ಡೈ ಮತ್ತೆ ಕಾಯಬೇಕು. ಕಾಯುವ ಮೊದಲೇ ಒತ್ತಿದ ತಟ್ಟೆಗಳು ಆ ದಿನದ ಕಟ್ಟಿನಲ್ಲಿ ಸೇರಿಕೊಂಡಿರುತ್ತವೆ.

7. ಮಳೆಗಾಲವನ್ನು ಬೇಸಿಗೆಯಲ್ಲೇ ಕೊಂಡಿಡಿ

ಈ ಕಸುಬಿನ ದೊಡ್ಡ ತೊಡಕು ಇದೇ. ಒಳ್ಳೆಯ ಒಣಹಾಳೆ ಸಿಗುವುದು ಮಳೆ ನಿಂತ ಮೇಲೆ, ಡಿಸೆಂಬರಿನಿಂದ ಮೇವರೆಗೆ. ಮದುವೆ, ಜಾತ್ರೆ, ದಾಸೋಹ ಬರುವುದೂ ಆಗಲೇ. ಫೆಬ್ರವರಿಯಲ್ಲಿ ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪಕ್ಕೆ ಸೇವಾಲಾಲ್ ಜಯಂತಿಗೆ ಬರುವ ಜನಸಾಗರವನ್ನು ಒಮ್ಮೆ ನೋಡಿದರೆ ಆ ಒಂದು ವಾರ ಈ ಸೀಮೆಯ ತಟ್ಟೆ, ಲೋಟ ಎಲ್ಲಿ ಹೋಗುತ್ತವೆಂದು ಗೊತ್ತಾಗುತ್ತದೆ. ಬಂದ ಹಾಳೆ ಬಂದಂತೆ ತಟ್ಟೆಯಾಗಿ ಖರ್ಚಾಗುತ್ತದೆ. ಜೂನ್ ಕಳೆದ ಮೇಲೆ ಶ್ರಾವಣದ ಪೂಜೆ, ಗಣಪತಿ, ದಸರಾಕ್ಕೆ ಗಿರಾಕಿ ಫೋನ್ ಮಾಡಿದಾಗ ಕೈಯಲ್ಲಿರುವುದು ಹಸಿ ಹಾಳೆ ಮಾತ್ರ.

ಬೇಸಿಗೆಯ ಕೊನೆಯಲ್ಲಿ ಹಾಳೆ ಕೊಂಡು ಒಣಗಿಸಿ ಕೂಡಿಟ್ಟವರಷ್ಟೇ ಮಳೆಗಾಲದಲ್ಲಿ ಹೆಸರು ಉಳಿಸಿಕೊಳ್ಳುತ್ತಾರೆ. ಎಲ್ಲಿ ಕೂಡಿಡುವುದು ಎಂಬುದೂ ಮುಖ್ಯ. ತೋಟದ ನಡುವಿನ ಶೆಡ್ಡಿನಲ್ಲಿ ಬೇಡ, ಅಲ್ಲಿನ ಗಾಳಿಯಲ್ಲೇ ತೇವ. ನಾವು ಜಗಳೂರಿನ ಕಡೆ ಗೋದಾಮು ಹಿಡಿದದ್ದು ಈ ಕಾರಣಕ್ಕೆ. ಮೆಕ್ಕೆಜೋಳ ಇಡಲು ಕಟ್ಟಿದ, ನೆಲ ಎತ್ತರಿಸಿದ, ಗಾಳಿಯಾಡುವ ಗೋದಾಮುಗಳು ಅಲ್ಲಿವೆ, ಮಳೆ ಕಡಿಮೆ. ಅಡಿಕೆಗೆ ಹೆಸರಾಗದ ತಾಲ್ಲೂಕು ಹಾಳೆಗೆ ಒಳ್ಳೆಯ ಮನೆಯಾಯಿತು. ಲಾರಿ ಬಾಡಿಗೆ ಸೇರಿಸಿದರೂ ಬೂಷ್ಟು ಹಿಡಿದು ಎಸೆಯುವುದಕ್ಕಿಂತ ಅಗ್ಗ. ಹಲಗೆಯ ಮೇಲೆ, ಗೋಡೆಯಿಂದ ಒಂದು ಅಡಿ ಬಿಟ್ಟು ಪೇರಿಸಿ. ಇಲಿಗೆ, ಬೆಂಕಿಗೆ ಎರಡಕ್ಕೂ ಮುಂಜಾಗ್ರತೆ ಬೇಕು. ಒಣಹಾಳೆಯ ರಾಶಿ ಕಿಡಿ ತಗುಲಿದರೆ ನಿಲ್ಲುವುದಿಲ್ಲ, ವಿಮೆ ಮಾಡಿಸಿ.

ಒತ್ತಿದ ತಟ್ಟೆಗೂ ಇದೇ ಮಾತು. ಅದನ್ನು ಬಿಸಿಲಿಗೋ ಡ್ರೈಯರಿಗೋ ಹಾಕಿ ತೇವ ಪೂರ್ತಿ ಹೋದ ಮೇಲೆಯೇ ಶ್ರಿಂಕ್ ಕವರ್ ಹಾಕಬೇಕು. ತೇವ ಅಳೆಯುವ ಸಣ್ಣ ಮೀಟರ್ ಒಂದನ್ನು ಪ್ಯಾಕಿಂಗ್ ಮೇಜಿನ ಮೇಲೆ ಇಡಿ. ಕವರಿನೊಳಗೆ ಸಿಕ್ಕಿಕೊಂಡ ತೇವ ಹೊರಗೆ ಹೋಗಲು ದಾರಿಯಿಲ್ಲದೆ ಬೂಷ್ಟಾಗುತ್ತದೆ. ಮಳೆಗಾಲದಲ್ಲಿ ನಾವು ಕವರಿಗೆ ಸಣ್ಣ ರಂಧ್ರ ಬಿಟ್ಟು, ಹೊರಗೆ ರಟ್ಟಿನ ಡಬ್ಬ ಹಾಕುತ್ತೇವೆ.

8. ಸಾರು ಹಾಕಿ ನೋಡಿ, ಆಮೇಲೆ ಲ್ಯಾಬಿಗೆ ಕಳಿಸಿ

ಪ್ರತಿ ಲೋಡಿನಿಂದ ಕೆಲವು ತಟ್ಟೆ ತೆಗೆದು ಬಿಸಿ ಅನ್ನ, ಕುದಿಯುವ ಸಾರು, ಒಂದು ಚಮಚ ತುಪ್ಪ ಹಾಕಿ ಅರ್ಧ ತಾಸು ಬಿಡಿ. ಮದುವೆ ಊಟದಲ್ಲಿ ಎಲೆಯ ಮುಂದೆ ಕೂತವರು ಹೆಚ್ಚೆಂದರೆ ಅಷ್ಟು ಹೊತ್ತು ಕೂರುತ್ತಾರೆ. ತಳಕ್ಕೆ ಕಾಗದ ಹಾಸಿ. ಕಾಗದದ ಮೇಲೆ ಜಿಡ್ಡು ಕಂಡರೆ ಎಲ್ಲೋ ಕೂದಲೆಳೆಯ ಸೀಳಿದೆ. ಒಂದು ಕೈಯಲ್ಲಿ ಎತ್ತಿ ನೋಡಿ, ಬಫೆಯಲ್ಲಿ ಜನ ಹಾಗೆಯೇ ಹಿಡಿಯುತ್ತಾರೆ. ಅಂಚಿನಲ್ಲಿ ನಾರು ಎದ್ದಿದ್ದರೆ ಮಕ್ಕಳ ತುಟಿಗೆ ಚುಚ್ಚುತ್ತದೆ. ಬೆರಳು ಸವರಿದರೆ ತಿಳಿಯುತ್ತದೆ.

ಮನೆಯ ಪರೀಕ್ಷೆ ಮನೆಗೆ ಸಾಕು, ಹೆಸರಿಗೆ ಸಾಲದು. ಭಾರತೀಯ ಮಾನಕ ಬ್ಯೂರೋ 2023ರಲ್ಲಿ ಕೃಷಿ ಉಪ ಉತ್ಪನ್ನಗಳಿಂದ ಮಾಡಿದ ಊಟದ ಪಾತ್ರೆಗಳಿಗೆ ಐಎಸ್ 18267 ಎಂಬ ಮಾನಕ ತಂದಿದೆ. ತಟ್ಟೆ, ಬಟ್ಟಲು, ಲೋಟಗಳ ಕಚ್ಚಾ ವಸ್ತು, ತಯಾರಿಕೆ, ಸ್ವಚ್ಛತೆ ಎಲ್ಲ ಅದರಲ್ಲಿದೆ. ರಾಸಾಯನಿಕ, ಅಂಟು, ರಾಳ ಸೇರಿಸಬಾರದು, ಅಂಚು ಚೂಪಿರಬಾರದು ಎನ್ನುತ್ತದೆ. ಯೂನಿಟ್ ಜೊತೆಗಿನ ಕರಾರಿನಲ್ಲಿ ‘ಒಳ್ಳೆಯ ಗುಣಮಟ್ಟ’ ಎಂದು ಬರೆಯುವ ಬದಲು ಈ ಮಾನಕದ ಹೆಸರು ಬರೆಯಿರಿ. ಆಗ ಇಬ್ಬರಿಗೂ ಒಂದೇ ಅಳತೆಗೋಲು ಸಿಗುತ್ತದೆ. ಆಹಾರಕ್ಕೆ ತಗಲುವ ವಸ್ತುಗಳ ಪರೀಕ್ಷೆಗೆ ನಮ್ಮ ರಾಜ್ಯದಲ್ಲೇ ಮೈಸೂರಿನ ಸಿಎಫ್‌ಟಿಆರ್‌ಐ ಇದೆ. ವರ್ಷಕ್ಕೊಮ್ಮೆಯಾದರೂ, ತೋಟ ಬದಲಾದಾಗಲೆಲ್ಲ ಮತ್ತೊಮ್ಮೆ, ಮಾದರಿ ಪರೀಕ್ಷೆ ಮಾಡಿಸಿ.

9. ಅಮೆರಿಕದ ಮಾತನ್ನು ಮುಚ್ಚಿಡಬೇಡಿ

2025ರ ಮೇ ತಿಂಗಳಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ, ಅಂದರೆ ಎಫ್‌ಡಿಎ, ಅಡಿಕೆ ಹಾಳೆಯ ತಟ್ಟೆ ಬಟ್ಟಲುಗಳನ್ನು ಆಹಾರಕ್ಕೆ ಬಳಸಬಾರದೆಂದು ಹೇಳಿತು. ಅಡಿಕೆ ಮರದಲ್ಲಿರುವ ಆಲ್ಕಲಾಯ್ಡ್‌ಗಳು ಹಾಳೆಯಿಂದ ಆಹಾರಕ್ಕೆ ಇಳಿಯಬಹುದು ಎಂಬುದು ಅದರ ಕಾರಣ. ಆ ದೇಶಕ್ಕೆ ರಫ್ತು ಮಾಡುತ್ತಿದ್ದವರ ಮಾಲು ನಿಂತಿತು, ಅವರನ್ನು ನಂಬಿ ಹೊಸ ಮಷಿನ್ ಹಾಕಿದ್ದ ಸಣ್ಣ ಯೂನಿಟ್‌ಗಳಿಗೆ ದೊಡ್ಡ ಪೆಟ್ಟು ಬಿತ್ತು. ಇದಕ್ಕೂ ಮೊದಲೇ, 2004ರಲ್ಲಿ, ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಅಡಿಕೆಯನ್ನು ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿತ್ತು. ಅದು ಅಡಿಕೆ ಜಗಿಯುವುದರ ಕುರಿತ ಮಾತು, ಹಾಳೆಯಲ್ಲಿ ಊಟ ಮಾಡುವುದು ಬೇರೆ. ಆದರೆ ಒಂದೇ ಮರದ ಹೆಸರು ಬಂದ ಮೇಲೆ ಗಿರಾಕಿ ಕೇಳಿಯೇ ಕೇಳುತ್ತಾರೆ.

ಈ ಪ್ರಶ್ನೆಗೆ ‘ಅಜ್ಜನ ಕಾಲದಿಂದ ಹಾಳೆಯಲ್ಲೇ ಉಂಡಿದ್ದೇವೆ’ ಎಂಬುದು ಉತ್ತರವಲ್ಲ. ಹಾಳೆ ಟೊಪ್ಪಿ ಹಾಕಿದ್ದು, ಹಾಳೆಯಲ್ಲಿ ಕಟ್ಟಿ ಬೆಲ್ಲ ತಂದದ್ದು ಎಲ್ಲ ನಿಜ. ಬಿಸಿ ಸಾರಿಗೆ ಹಾಳೆಯಿಂದ ಏನು, ಎಷ್ಟು ಇಳಿಯುತ್ತದೆ ಎಂಬುದಕ್ಕೆ ಲ್ಯಾಬಿನ ಅಂಕಿಯೇ ಬೇಕು. ಅಡಿಕೆ ಬೆಳೆಗಾರರ ಸಂಘಗಳೂ ನಮ್ಮಂಥ ಮಾರಾಟಗಾರರೂ ಒಟ್ಟಾಗಿ ದುಡ್ಡು ಹಾಕಿ, ಕಾಸರಗೋಡಿನ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯಂಥ ಕಡೆ ಈ ಕೆಲಸ ಮಾಡಿಸಿಕೊಳ್ಳಬೇಕು ಎಂದು ನಾನು ಪಟ್ಟುಹಿಡಿದು ಹೇಳುತ್ತೇನೆ. ಊಟ ಬಡಿಸುವ ವಸ್ತುವನ್ನು ಮಾರುವವರಿಗೆ ಇದು ಮರ್ಯಾದೆಯ ಪ್ರಶ್ನೆ. ಅಲ್ಲಿಯವರೆಗೆ ಲೇಬಲ್ಲಿನ ಮೇಲೆ ‘ನೂರಕ್ಕೆ ನೂರು ಸುರಕ್ಷಿತ’, ‘ಔಷಧೀಯ ಗುಣ’ ಎಂಬ ಮಾತು ಬರೆಸಬೇಡಿ. ನಮ್ಮ ಲೇಬಲ್ಲಿನಲ್ಲಿ ಇರುವುದು ಇಷ್ಟೇ: ಬಿದ್ದ ಅಡಿಕೆ ಹಾಳೆಯಿಂದ ಮಾಡಿದ್ದು, ಬೇರೇನೂ ಸೇರಿಸಿಲ್ಲ, ಒಮ್ಮೆ ಬಳಸಿ ಗೊಬ್ಬರಕ್ಕೆ ಹಾಕಿ.

ರಫ್ತಿನ ಆಸೆಗೆ ಇಡೀ ವ್ಯಾಪಾರ ಕಟ್ಟಿದವರು ಈಗ ಒದ್ದಾಡುತ್ತಿದ್ದಾರೆ. ಮನೆಯ ಹತ್ತಿರವೇ ದೊಡ್ಡ ಪೇಟೆ ಇದೆ. 2016ರಲ್ಲಿ ಕರ್ನಾಟಕ ಪ್ಲಾಸ್ಟಿಕ್ ತಟ್ಟೆ ಲೋಟ ನಿಷೇಧಿಸಿತು, 2022ರ ಜುಲೈ 1ರಿಂದ ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ ತಟ್ಟೆ, ಚಮಚಗಳಿಗೆ ದೇಶಕ್ಕೆಲ್ಲ ನಿಷೇಧ ಬಂತು. ಆ ಜಾಗಕ್ಕೆ ಪ್ಲಾಸ್ಟಿಕ್ ಪೊರೆ ಹಚ್ಚಿದ ಪೇಪರ್ ತಟ್ಟೆ ನುಗ್ಗಿದೆ. ಹೋಬಳಿ ಹೋಬಳಿಯ ಛತ್ರಗಳಲ್ಲಿ ಅದರ ಜೊತೆ ಪೈಪೋಟಿ ಮಾಡಿ ಗೆಲ್ಲುವುದು ದೂರದ ಬಂದರಿಗೆ ಕಂಟೇನರ್ ಕಳಿಸುವುದಕ್ಕಿಂತ ಗಟ್ಟಿಯಾದ ವ್ಯಾಪಾರ.

10. ಒತ್ತಿದವರ ಹೆಸರು ಲೇಬಲ್ಲಿನಲ್ಲಿರಲಿ

ಪೊಟ್ಟಣ ಮಾಡಿದ ಸರಕುಗಳ ಕುರಿತ 2011ರ ಕಾನೂನು ಮಾಪನ ನಿಯಮದಂತೆ ಪ್ಯಾಕಿನ ಮೇಲೆ ತಯಾರಕರ ಹೆಸರು ವಿಳಾಸ, ಪ್ಯಾಕ್ ಮಾಡುವವರು ಬೇರೆಯಾದರೆ ಅವರದ್ದೂ, ಸರಕಿನ ಹೆಸರು, ಎಷ್ಟು ತಟ್ಟೆ, ತಯಾರಾದ ತಿಂಗಳು ವರ್ಷ, ಎಲ್ಲ ತೆರಿಗೆ ಸೇರಿದ ಗರಿಷ್ಠ ಬೆಲೆ, ದೂರು ಹೇಳಲು ಫೋನ್ ನಂಬರ್ ಇರಬೇಕು. ಒಂದು ತಟ್ಟೆಗೆ ಎಷ್ಟು ಬೀಳುತ್ತದೆ ಎಂಬುದನ್ನೂ ಈಗ ಬರೆಯಬೇಕು. ಯೂನಿಟ್‌ನ ಹೆಸರು ಬರೆದರೆ ಗಿರಾಕಿ ನೇರ ಅಲ್ಲಿಗೇ ಹೋಗುತ್ತಾರೆ ಎಂದು ಹೊಸಬರು ಹೆದರುತ್ತಾರೆ. ಹೋಗುವವರು ಹೋಗಲಿ. ಹಾಳೆ ಆರಿಸಿ, ಒಣಗಿಸಿ, ಮಳೆಗಾಲದಲ್ಲೂ ಮಾಲು ಕೊಡುವವರ ಹತ್ತಿರ ಅವರು ಮರಳಿ ಬರುತ್ತಾರೆ. ಲೇಬಲ್ಲಿನಲ್ಲಿ ತಮ್ಮ ಊರಿನ ಹೆಸರು ನೋಡಿದ ಯೂನಿಟ್‌ನವರು ಕೆಟ್ಟ ತಟ್ಟೆಯನ್ನು ತಾವೇ ಪಕ್ಕಕ್ಕಿಡುತ್ತಾರೆ. ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಟ್ರೇಡ್‌ಮಾರ್ಕ್‌ಗೆ ಅರ್ಜಿಯನ್ನು ಮಾರಾಟ ಶುರು ಮಾಡುವ ಮೊದಲೇ ಹಾಕಿ. ಒಬ್ಬ ವ್ಯಕ್ತಿ ಅಥವಾ ಸಣ್ಣ ಉದ್ಯಮ ಆನ್‌ಲೈನ್‌ನಲ್ಲಿ ಸಲ್ಲಿಸಿದರೆ ಒಂದು ವರ್ಗಕ್ಕೆ ₹4,500 ಶುಲ್ಕ. ನೋಂದಣಿ ಹತ್ತು ವರ್ಷಕ್ಕೆ, ಆಮೇಲೆ ನವೀಕರಿಸಬಹುದು. ಬರೀ ಊರಿನ ಹೆಸರನ್ನೇ ಬ್ರಾಂಡ್ ಮಾಡಲು ಹೋಗಬೇಡಿ. ಸರಕು ಎಲ್ಲಿಯದೆಂದು ಸೂಚಿಸುವ ಪದವನ್ನು ಒಬ್ಬರಿಗೇ ಬಿಟ್ಟುಕೊಡಲು ಕಾನೂನು ಸುಲಭಕ್ಕೆ ಒಪ್ಪುವುದಿಲ್ಲ.

ತೆರಿಗೆಯ ವಿಷಯ: ಎಲೆ, ಹೂವು, ತೊಗಟೆಯ ತಟ್ಟೆ ಲೋಟಗಳಿಗೆ 2019ರ ಅಕ್ಟೋಬರ್‌ನಿಂದ ಜಿಎಸ್‌ಟಿ ಇಲ್ಲ. ಆದರೆ ಶ್ರಿಂಕ್ ಕವರ್, ರಟ್ಟಿನ ಡಬ್ಬ, ಡೈ ಕೊಳ್ಳುವಾಗ ಕೊಟ್ಟ ಜಿಎಸ್‌ಟಿ ನಮಗೆ ಮರಳಿ ಬರುವುದಿಲ್ಲ. ಬೆಲೆ ಕಟ್ಟುವಾಗ ಅದನ್ನು ಖರ್ಚಿನಲ್ಲೇ ಸೇರಿಸಿಕೊಳ್ಳಿ.

11. ದುಡ್ಡನ್ನು ವಾರಕ್ಕೆ ಕೊಡಿ, ಎರಡು ಯೂನಿಟ್ ಇಟ್ಟುಕೊಳ್ಳಿ

ಉದ್ಯಮ್ ನೋಂದಣಿ ಇರುವ ಸಣ್ಣ ಯೂನಿಟ್‌ಗೆ ಕರಾರಿದ್ದರೂ 45 ದಿನದೊಳಗೆ, ಕರಾರಿಲ್ಲದಿದ್ದರೆ 15 ದಿನದೊಳಗೆ ಹಣ ಕೊಡಬೇಕೆಂದು 2006ರ ಎಂಎಸ್‌ಎಂಇ ಕಾಯ್ದೆ ಹೇಳುತ್ತದೆ. 15 ದಿನವೂ ಉದ್ದವಾಯಿತು. ಅಲ್ಲಿ ಒತ್ತುವ ಹೆಣ್ಣುಮಕ್ಕಳಿಗೆ ಸಂತೆಯ ದಿನ ಕೂಲಿ ಕೈಗೆ ಬರಬೇಕು. ನಾವು ತಡ ಮಾಡಿದರೆ ಯೂನಿಟ್‌ನವರು ಬಡ್ಡಿಗೆ ತಂದು ಕೊಡುತ್ತಾರೆ, ಇಲ್ಲವೇ ಕೈಗೆ ಕಾಸು ಕೊಡುವ ಇನ್ನೊಬ್ಬರ ಕೆಲಸ ಮೊದಲು ಮಾಡುತ್ತಾರೆ. ಆ ಇನ್ನೊಬ್ಬರು ಯಾವಾಗಲೂ ಮದುವೆ ತಿಂಗಳಲ್ಲೇ ಬರುತ್ತಾರೆ.

ಒಂದೇ ಯೂನಿಟ್ ನಂಬಬೇಡಿ. ಒಂದು ಚನ್ನಗಿರಿಯಲ್ಲಿದ್ದರೆ ಇನ್ನೊಂದು ಹೊಳೆಯ ಆಚೆ ಹೊನ್ನಾಳಿಯಲ್ಲೋ ನ್ಯಾಮತಿಯಲ್ಲೋ ಇರಲಿ. ಮಳೆ, ಕರೆಂಟು, ಹಾಳೆಯ ದರ ಮೂರೂ ಒಂದೇ ದಿನ ಎರಡೂ ಕಡೆ ಕೈಕೊಡುವುದು ಕಡಿಮೆ. ಸ್ವಂತ ಆಕಾರದ ಡೈ ಇದ್ದರೆ ಜೋಡಿ ಮಾಡಿಸಿ, ಎರಡೂ ಕಡೆ ಒಂದೊಂದು ಇಡಿ. ವರ್ಷದ ಕೊನೆಯ ಲೆಕ್ಕ ಮೇ ತಿಂಗಳಲ್ಲಿ ಮುಗಿಸಿ, ಮುಂದಿನ ಸಾಲಿನ ಹಾಳೆಗೆ ತೋಟದವರ ಹತ್ತಿರ ದೀಪಾವಳಿಗೆ ಮೊದಲೇ ಮಾತಾಡಿ ಮುಂಗಡ ಕೊಡಿ. ಅಡಿಕೆ ಕೊಯ್ಲಿಗೆ ಖೇಣಿದಾರರು ತೋಟಕ್ಕೆ ಬಂದು ಹೋಗುವ ದಿನಗಳವು, ಯಜಮಾನರು ಊರಲ್ಲೇ ಸಿಗುತ್ತಾರೆ.